ಮೊದಲೇ ಮುದ್ರಿಸಿಟ್ಟ ಚಳಿಗಾಲ

ಇವತ್ತಲ್ಲ. ರೇಡಿಯೋದಲ್ಲಿ ಅವನದೇ ದನಿ "ಕಿಟಕಿಯ ಗಾಜಿನ ಮೇಲೆ ಮಂಜು ಕೂತಿದೆ" ಎಂದು ಶುರುವಾದೊಡನೆ ಅವನಿಗೆ ಹೋದ ಜೀವ ಬಂದಂತಾಯಿತು. ಇದು ಮಂಜಿನ ಮಾತು. ಗಾಜು ಒರೆಸುವವನ ಕೈ ಒದ್ದೆಯಾಗುತ್ತದೆ, ಕೈ ಒದ್ದೆ ಮಾಡಿಕೊಳ್ಳಲು ಒಪ್ಪದವನಿಗೆ ಹೊರಗಿನದು ಕಾಣುವುದಿಲ್ಲ, ಇತ್ಯಾದಿ. ಇದರಿಂದ ಯಾರಿಗೂ ಏನೂ ಆಗುವುದಿಲ್ಲ. ಅವನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಲೋಟದ ಬಿಸಿ ಬೆರಳು ಸುಡುತ್ತಿದ್ದರೂ ಕೈ ಬದಲಿಸದೆ, ಅಮ್ಮನನ್ನು ನೋಡಿದ. ಅಮ್ಮ ರೇಡಿಯೋ ಇಟ್ಟ ಕಪಾಟಿನ ಪಕ್ಕ ತನ್ನ ಗಿಡ್ಡ ಸ್ಟೂಲಿನ ಮೇಲೆ, ಎರಡು ಸ್ವೆಟರು ಹಾಕಿಕೊಂಡು, ಬಟಾಣಿ ಸುಲಿಯುತ್ತ ಕೂತಿದ್ದಳು. ಮಗನ ದನಿ ಬರುವಾಗ ಅವಳು ಕಾಳನ್ನು ಬಟ್ಟಲಿಗೆ ಎಸೆಯುವುದಿಲ್ಲ, ಸದ್ದಾಗದಂತೆ ಒಂದೊಂದಾಗಿ ಇಡುತ್ತಾಳೆ. ಮೂರು ನಿಮಿಷದ ಮಾತು ಮುಗಿದ ಮೇಲೆ "ಚೆನ್ನಾಗಿತ್ತು" ಅನ್ನುತ್ತಾಳೆ, ಮೊಣಕಾಲಿನ ಮೇಲೆ ಕೈಯೂರಿ ಎದ್ದು ರೇಡಿಯೋ ಆರಿಸುತ್ತಾಳೆ, ಆಮೇಲೆ ಅಷ್ಟು ಹೊತ್ತು ತಡೆದಿಟ್ಟುಕೊಂಡ ಕೆಮ್ಮನ್ನೆಲ್ಲ ಒಟ್ಟಿಗೆ ಕೆಮ್ಮುತ್ತಾಳೆ. ಎಷ್ಟೋ ವರ್ಷಗಳಿಂದ ಇದೇ ಕ್ರಮ.

"ಈ ಗಾಜು ಒರೆಸಿದ್ದು ಯಾರಂತೆ?" ಹೆಂಡತಿ ಒಲೆಯ ಕಡೆಗೇ ಮುಖಮಾಡಿ ಕೇಳಿದಳು. "ಈ ಮನೇಲಿ ಗಾಜು ಒರೆಸೋಳು ನಾನು. ಇಷ್ಟು ವರ್ಷ ಒರೆಸಿ ನಂಗೆ ಕಂಡಿದ್ದು ಎದುರುಮನೆ ಗೋಡೆ."

"ಸುಮ್ನಿರೇ, ಇನ್ನೂ ಮುಗಿದಿಲ್ಲ," ಅಂದಳು ಅಮ್ಮ, ಪಿಸುದನಿಯಲ್ಲಿ.

"ನಿಮ್ಮ ಮಗನ ಮಾತಲ್ಲಿ ಒಬ್ಬ ಹೆಂಡತಿ ಬರ್ತಾಳಲ್ಲ ಅತ್ತೆ, ಯಾವಾಗ್ಲೂ ನಗ್ತಾ, ಎಲ್ಲಾನೂ ಸಹಿಸ್ಕೊಂಡು, ದೀಪದ ಥರ ಉರೀತಾ? ಅವಳನ್ನ ಒಂದ್ಸಲ ಮನೆಗೆ ಕಳಿಸಕ್ಕೆ ಹೇಳಿ. ಪಾತ್ರೆ ಬಿದ್ದಿದೆ."

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಗುವಿನ ಬೆನ್ನಿಗೇ ಕೆಮ್ಮು ಒತ್ತಿಬಂತು, ಅದನ್ನೂ ಸೆರಗಿನಲ್ಲೇ ಅಡಗಿಸಿದಳು. ಶೂಗಳ ಲೇಸು ಕಟ್ಟುತ್ತ ಕೂತಿದ್ದ ಮಗಳು ಮಾತ್ರ ನಗಲಿಲ್ಲ. ಅಪ್ಪನ ದನಿ ರೇಡಿಯೋದಲ್ಲಿ ಬರುವಾಗ ಅವಳು ಒಂದು ಕಿವಿಯನ್ನು ಭುಜಕ್ಕೆ ಒತ್ತಿಕೊಂಡು ಕೂರುತ್ತಾಳೆ, ಇನ್ನೊಂದಕ್ಕೆ ಏನು ಮಾಡಬೇಕೆಂದು ತಿಳಿಯದೆ.

ಬೀದಿಯಲ್ಲಿ ಅವನ ಹೆಸರೇ 'ನಾಲ್ಕು ಮಾತು'. ಬೆಳಗಿನ ಸುದ್ದಿಯ ನಂತರ ಬರುವ ಅವನ ಕಾರ್ಯಕ್ರಮಕ್ಕೆ ರೇಡಿಯೋದವರು ಇಟ್ಟ ಹೆಸರು ಅದು, ಈಗ ಅವನಿಗೇ ಅಂಟಿಕೊಂಡಿದೆ. ಹೊಟ್ಟೆಪಾಡಿಗೆ ಅವನದು ಕನ್ನಡಕದ ಅಂಗಡಿಯಲ್ಲಿ ಕೆಲಸ, ಜನರ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಗಾಜು ಬದಲಿಸುತ್ತ, "ಇದು ಸ್ಪಷ್ಟವೋ, ಇದೋ?" ಎಂದು ಕೇಳುವುದು. ದನಿಯಿಂದಲೇ ಗುರುತು ಹಿಡಿದು, "ಅಯ್ಯೋ, ನೀವಾ!" ಎಂದು ಎದ್ದುನಿಂತು, ಗೋಡೆಯ ಮೇಲಿನ ಅಕ್ಷರ ಓದುವುದು ಮರೆತು, ತಮ್ಮ ಮನೆಯ ಕಷ್ಟಸುಖ ಹೇಳಲು ತೊಡಗುವವರಿದ್ದಾರೆ. ಅವರೆಲ್ಲರಿಗೂ ಅವನು ತನ್ನ ಮನೆಯನ್ನೇ ಹಂಚಿದ್ದಾನೆ. ಮಗಳ ಹಲ್ಲು ಬಿದ್ದಾಗ ಕಳೆದುಕೊಳ್ಳುವುದರ ಬಗ್ಗೆ, ಹಾಲು ಉಕ್ಕಿದಾಗ ಕೋಪದ ಬಗ್ಗೆ, ಮೊದಲ ಮಳೆಗೆ ಚಾವಣಿ ಸೋರಿದಾಗ ವಿನಯದ ಬಗ್ಗೆ. ಮನೆಯಲ್ಲಿ ಏನೇ ಆಗಲಿ, ಆಗುತ್ತಿರುವಾಗಲೇ ಅವನೊಳಗೆ ಯಾರೋ ಅದರ ಸಿಪ್ಪೆ ಸುಲಿಯಲು ಶುರುಮಾಡಿರುತ್ತಾರೆ. ಒಮ್ಮೆ ಪಾರ್ಕಿನಲ್ಲಿ, ಎಲೆಯೆಲ್ಲ ಎದ್ದು ಹಾರುವಂಥ ಗಾಳಿಯ ದಿನ, ಮಗಳು ಉಯ್ಯಾಲೆಯಿಂದ ಮುಖ ಅಡಿಯಾಗಿ ಬಿದ್ದಿದ್ದಳು. ಅವನು ಓಡಲಿಲ್ಲ. ಓಡದೆ ಒಂದು ಕ್ಷಣ ನಿಂತ, ಉಯ್ಯಾಲೆ ಬರಿದೇ ತೂಗುತ್ತಿರುವುದನ್ನು ನೋಡುತ್ತ, ಕೂತವರು ಜಾರಿದರೂ ತೂಗುವುದು ನಿಲ್ಲುವುದಿಲ್ಲ ಎಂಬ ವಾಕ್ಯ ಬಾಯಲ್ಲಿ ರುಚಿಯಾಗುತ್ತಿರಲು. ಆಮೇಲೆ ಓಡಿದ. ಮಗಳು ನೆಲದಿಂದ ತಲೆಯೆತ್ತಿ, ತುಟಿಯ ರಕ್ತವನ್ನು ಮರೆತು, ನಿಂತಿದ್ದ ಅಪ್ಪನನ್ನೇ ನೋಡುತ್ತಿದ್ದಳು. ಉಯ್ಯಾಲೆಯ ಮಾತು ಪ್ರಸಾರವಾದ ದಿನ ಶಾಲೆಯಿಂದ ಬಂದವಳು ಬ್ಯಾಗು ಇಳಿಸದೆಯೇ ಹೇಳಿದ್ದಳು, "ಅಪ್ಪಾ, ನನ್ನ ಬಗ್ಗೆ ಇನ್ಮೇಲೆ ಹೇಳ್ಬೇಡ. ಕ್ಲಾಸಲ್ಲಿ ನನ್ನ ಕಂಡ್ರೆ ತೂಗಾಡ್ತಾರೆ." ಅವನು ಆಗಲಿ ಎಂದಿದ್ದ. ಮಕ್ಕಳ ಮಾತನ್ನು ಕೇಳುವುದರ ಬಗ್ಗೆ ಮುಂದಿನ ತಿಂಗಳು ಒಂದು ಮಾತು ಆಡಿದ್ದ.

ರೇಡಿಯೋ ಮನೆಯ ರೀತಿಯೇ ಬೇರೆ. ಸ್ಟುಡಿಯೋ ಖಾಲಿ ಸಿಗುವುದು ಕಷ್ಟವಾದ್ದರಿಂದ ಒಂದು ಋತುವಿನ ಮಾತುಗಳನ್ನೆಲ್ಲ ಅದರ ಹಿಂದಿನ ಋತುವಿನಲ್ಲೇ ಎರಡು ಮಧ್ಯಾಹ್ನ ಕೂತು ಮುದ್ರಿಸಿಬಿಡುತ್ತಾರೆ. ಸುಡು ಬಿಸಿಲಿನಲ್ಲಿ, ಸದ್ದಾಗುತ್ತದೆಂದು ಫ್ಯಾನೂ ಹಾಕದ ಆ ಮೆತ್ತೆಗೋಡೆಯ ಕೋಣೆಯಲ್ಲಿ, ಅಂಗಿ ಬೆನ್ನಿಗೆ ಅಂಟಿಕೊಂಡಿರುವಾಗ ಅವನು "ಇಂದು ಬೆಳಿಗ್ಗೆ ಮಳೆ ನನ್ನ ಬಾಗಿಲು ತಟ್ಟಿತು" ಎನ್ನುತ್ತಾನೆ. ಮಳೆ ಸುರಿಯುವಾಗ ಮಂಜಿನ ಬಗ್ಗೆ ಮಾತಾಡುತ್ತಾನೆ. ಮೊದಮೊದಲು ನಾಲಿಗೆ ತಡವರಿಸುತ್ತಿತ್ತು. ನಿರ್ಮಾಪಕಿ, ಜಡೆಗೆ ಪೆನ್ಸಿಲು ಸಿಕ್ಕಿಸಿಕೊಳ್ಳುವ ಹಿರಿಯ ಹೆಂಗಸು, ಧೈರ್ಯ ಹೇಳಿದ್ದಳು: "ಹೇಗೂ ಬರೋದೇ ಅಲ್ವಾ ಮಳೆ? ಬರೋ ಹೊತ್ತಿಗೆ ನಿಮ್ಮ ಮಾತು ನಿಜ ಆಗಿರುತ್ತೆ." ಆ ಮಾತು ಅವನಿಗೆ ಎಷ್ಟು ಒಗ್ಗಿಹೋಯಿತೆಂದರೆ, ಹೋದ ಮಳೆಗಾಲದಲ್ಲಿ ಅಮ್ಮ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವನು ಅದನ್ನೇ ನಂಬಿದ.

ಅಮ್ಮನ ಎದೆಯಲ್ಲಿ ನೀರು ತುಂಬಿತ್ತು. ಡಾಕ್ಟರು ಅವನನ್ನು ಪಕ್ಕಕ್ಕೆ ಕರೆದು, ಅವರಿಗೆ ಏನು ತಿನ್ನಬೇಕು ಅನ್ನಿಸುತ್ತೋ ಕೊಡಿ, ನೋಡಬೇಕಾದವರು ಬಂದು ನೋಡಿಕೊಂಡು ಹೋಗಲಿ, ಎಂದು ಗಡಿಯಾರ ನೋಡಿಕೊಂಡರು. ಚಳಿಗಾಲದ ಮಾತುಗಳನ್ನು ಮುದ್ರಿಸುವ ದಿನ ಆ ವಾರವೇ ಬಂದಿತ್ತು. ಅವನು ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು, ಮೋಪಿನ ನೀರು ಒಣಗುತ್ತಿದ್ದ ನೆಲ ನೋಡುತ್ತ, ಅಮ್ಮ ಹೋದ ದಿನವನ್ನು ಬರೆದ. ಎಲೆ ಉದುರುವ ಮರ ಕಾಣುವ ಕಿಟಕಿಯನ್ನು ಬರೆದ. ಅದು ಮನೆಯ ಒಳಕೋಣೆಯ ಕಿಟಕಿ. ಅಮ್ಮ ಕಿಟಕಿ ತೆರೆಯಲು ಹೇಳಿದಳೆಂದು ಬರೆದ. ಅವನ ತಲೆಯ ಮೇಲೆ ಕೈಯಿಟ್ಟು, "ನಾನು ಹೊರಟಿಲ್ಲ ಮಗಾ, ಜಾಗ ಬಿಡ್ತಾ ಇದೀನಿ. ಎಲೆ ಬಿಡಲ್ವಾ ಚಿಗುರಿಗೆ, ಹಾಗೆ" ಎಂದಳೆಂದು ಬರೆದ. ಬರೆಯುತ್ತ ಅತ್ತ. ಆ ಅಳು ಸುಳ್ಳಾಗಿರಲಿಲ್ಲ, ಅದೇ ಅವನನ್ನು ಈಗ ಹೆಚ್ಚು ಹೆದರಿಸುವುದು. ನಿಜವಾಗಿ ಅಮ್ಮ ಅವತ್ತು ಹೇಳಿದ್ದು ಬೇರೆ. ಬಾಯಿಗೆ ಹಾಕಿದ್ದ ಆಕ್ಸಿಜನ್ ಮಾಸ್ಕನ್ನು ಬೆರಳಿನಿಂದ ಎತ್ತಿ, ಸಣ್ಣ ಹುಡುಗಿಯ ಹಾಗೆ ಕಣ್ಣು ದೊಡ್ಡದು ಮಾಡಿ, "ನಂಗೆ ಹೆದರಿಕೆ ಆಗ್ತಿದೆ ಕಣೋ" ಎಂದಿದ್ದಳು. "ಏನೂ ಆಗಲ್ಲಮ್ಮಾ" ಎಂದು ಅವನು ಹೊದಿಕೆ ಸರಿಮಾಡಿದ್ದ. "ಕಾಲು ತಣ್ಣಗಾಗಿದೆ, ಒಂಚೂರು ಉಜ್ತೀಯಾ?" ಅಂದಾಗ, ಬಂದೆ ಎಂದು ಬೆಂಚಿಗೆ ಹೋದವನು ಬರವಣಿಗೆ ಮುಗಿಸಿ ಬರುವ ಹೊತ್ತಿಗೆ ಅವಳಿಗೆ ನಿದ್ದೆ ಹತ್ತಿತ್ತು. ಹೆದರಿಕೆಯಿಂದ ಅವನಿಗೆ ಯಾವ ಪಾಠವೂ ಹೊರಟಿರಲಿಲ್ಲ.

ಮುದ್ರಣದ ದಿನ ಅವನ ದನಿ ಸರಿಯಾದ ಜಾಗದಲ್ಲಿ ಒಡೆಯಿತು. ಕೆಂಪು ದೀಪ ಆರಿದ ಮೇಲೂ ಗಾಜಿನಾಚೆ ಯಾರೂ ಅಲುಗಲಿಲ್ಲ. ರೆಕಾರ್ಡಿಂಗಿನವನು, ಎಂಟಾಳಿನ ಮೈಯವನು, ಕಿವಿಯ ಹೆಡ್‌ಫೋನು ಕಿತ್ತಿಟ್ಟು ಒಳಗೆ ಬಂದು ಅವನನ್ನು ಬಿಗಿಯಾಗಿ ಅಪ್ಪಿಕೊಂಡ. "ಯಾವಾಗಾಯ್ತು ಸಾರ್? ಒಂದು ಮಾತು ಹೇಳಲಿಲ್ಲವಲ್ಲ." ಆಗ ಹೇಳಬಹುದಿತ್ತು. ಆದರೆ ಆ ಅಪ್ಪುಗೆ ಬೆಚ್ಚಗಿತ್ತು, ಮಳೆಯಲ್ಲಿ ನೆನೆದು ಬಂದಿದ್ದ, ಇನ್ನೆರಡು ದಿನಕ್ಕೆ ನಿಜವಾಗುವುದನ್ನು ಇವತ್ತು ಸುಳ್ಳೆಂದು ಯಾಕೆ ಹೇಳಬೇಕು ಅನ್ನಿಸಿತು. ಅವನು ತಲೆ ತಗ್ಗಿಸಿದ. ಅಷ್ಟೇ ಮಾಡಿದ್ದು, ತಲೆ ತಗ್ಗಿಸಿದ್ದು. ಅದಾದ ಮೂರನೆಯ ದಿನ ಅಮ್ಮನ ಉಸಿರು ತಿಳಿಯಾಯಿತು. ಒಂದು ವಾರಕ್ಕೆ ದಿಂಬಿಗೆ ಒರಗಿ ಕೂತು, ಆಸ್ಪತ್ರೆಯ ಗಂಜಿ ಗೋಡೆಗೆ ಸುಣ್ಣ ಬಳಿಯಕ್ಕೆ ಲಾಯಕ್ಕು ಎಂದಳು. ಅವನು ಎಲ್ಲರೊಂದಿಗೆ ನಕ್ಕ. ನಗುವಿನ ತಳದಲ್ಲಿ ಇನ್ನೇನೋ ಇತ್ತು. ಅದನ್ನು ಅವನು ಯಾವತ್ತೂ ಪೂರ್ತಿಯಾಗಿ ತೆರೆದು ನೋಡಿಲ್ಲ, ನೋಡುವ ಧೈರ್ಯವಿಲ್ಲ. ಅಮ್ಮ ಬದುಕಿದಳು ಎಂದು ತಿಳಿದ ಕ್ಷಣ ಅವನಿಗೆ ಮೊದಲು ನೆನಪಾದದ್ದು ಆ ಮೂರು ನಿಮಿಷ.

ಈಗ ಚಳಿ ಬಂದಿದೆ. ಯಾವ ಮಾತು ಯಾವ ದಿನ ಎಂದು ನಿರ್ಮಾಪಕಿ ತನಗೆ ತೋಚಿದಂತೆ ಹಾಕುತ್ತಾಳೆ. ದಿನಾ ಬೆಳಿಗ್ಗೆ ಅವನು ಬಾಗಿಲಿಗೆ ಒರಗಿ ಮೊದಲ ವಾಕ್ಯಕ್ಕೆ ಕಾಯುತ್ತಾನೆ. ಇವತ್ತು ಮಂಜು. ಅಮ್ಮ "ಚೆನ್ನಾಗಿತ್ತು" ಎಂದು ಎದ್ದಳು, ಆರಿಸಿದಳು, ಕೆಮ್ಮಿದಳು. ಇವತ್ತು ರೇಡಿಯೋ ಮನೆಗೆ ಹೋಗಿ ಹೇಳಿಬಿಡುತ್ತೇನೆ, ಏನಾದರೂ ಆಗಲಿ, ಎಂದು ಅವನು ಸ್ಕಾರ್ಫ್ ಸುತ್ತಿಕೊಂಡು ಅಂಗಡಿಗೆ ಹೊರಟ.

ಅಂಗಡಿಯಲ್ಲಿ ಕೈಗೂ ಕೆಲಸಕ್ಕೂ ಹೊಂದಲಿಲ್ಲ. ಒಬ್ಬ ನಿವೃತ್ತ ಬಸ್ ಡ್ರೈವರಿಗೆ ಎಡಗಣ್ಣಿನ ಗಾಜು ಬಲಗಣ್ಣಿಗೆ ಹಾಕಿದ. "ನೀವೇ ಹೀಗೆ ಮಾಡಿದ್ರೆ ಹೇಗೆ ಸ್ವಾಮಿ," ಆತ ನಕ್ಕ, "ನಿಮ್ಮ ಮಾತು ಕೇಳ್ಕೊಂಡೇ ನಾನು ಸೊಸೆ ಹತ್ರ ಜಗಳ ಬಿಟ್ಟಿದ್ದು." ಮಧ್ಯಾಹ್ನ ತಲೆನೋವೆಂದು ಸುಳ್ಳು ಹೇಳಿ ರೇಡಿಯೋ ಮನೆಗೆ ನಡೆದ. ಬೀದಿಯ ಮರಗಳು ಬೋಳಾಗಿದ್ದವು. ಕಸಗುಡಿಸುವವಳು ಒದ್ದೆ ಎಲೆಗಳನ್ನು ಸಲಿಕೆಯಿಂದ ಕೆರೆದು ಗಾಡಿಗೆ ತುಂಬುತ್ತಿದ್ದಳು, ನೆಲಕ್ಕೆ ಅಂಟಿದವನ್ನು ಬೈಯುತ್ತ. ಹಿಂದಿನ ಚಳಿಗಾಲವಾಗಿದ್ದರೆ ಅವನು ನಿಂತು ನೋಡುತ್ತಿದ್ದ. ಇವತ್ತು ಅದು ಬರಿಯ ಕೊಳೆತ ಎಲೆ.

"ಬನ್ನಿ ಬನ್ನಿ, ನಾನೇ ಫೋನ್ ಮಾಡ್ಬೇಕು ಅಂತಿದ್ದೆ," ನಿರ್ಮಾಪಕಿ ಕುರ್ಚಿಯ ಮೇಲಿನ ಟೇಪುಗಳನ್ನು ಸರಿಸಿ ಜಾಗ ಮಾಡಿದಳು. "ನಾಳೆ ಅಮ್ಮನ ಮಾತು."

"ನಾಳೇನಾ?"

"ನಾಳೆ ಭಾನುವಾರ. ಎಲ್ರೂ ಮನೇಲಿರ್ತಾರೆ, ಕೂತು ಕೇಳ್ತಾರೆ. ಬೇಕೂಂತ್ಲೇ ಇಷ್ಟು ದಿನ ಹಿಡಿದಿಟ್ಟಿದ್ದೆ, ಎಲೆ ಎಲ್ಲಾ ಉದುರಲಿ ಅಂತ."

"ಅದನ್ನ... ಬಿಟ್ಬಿಡಕ್ಕಾಗುತ್ತಾ?"

"ಯಾಕೆ?"

ಅಮ್ಮ ಬದುಕಿದ್ದಾಳೆ. ಎರಡೇ ಪದ. ಯಾವ ಮಗನಾದರೂ ಬೀದಿಯಲ್ಲಿ ನಿಂತು ಕೂಗಿ ಹೇಳಬಹುದಾದ, ಸಿಹಿ ಹಂಚಬಹುದಾದ ಮಾತು ಅವನ ಬಾಯಲ್ಲಿ ಕಳ್ಳತನದ ಮಾಲಾಗಿ ಕೂತಿತ್ತು. ಹೇಳಿದರೆ ಈ ಹೆಂಗಸಿನ ಮುಖ ಹೇಗೆ ಬದಲಾಗುತ್ತದೆಂದು ಅವನಿಗೆ ಮೊದಲೇ ಕಂಡಿತು. ಮೊದಲು ಅರ್ಥವಾಗದ ನಗು, ಆಮೇಲೆ ನಗು ನಿಧಾನವಾಗಿ ಹಿಂದೆ ಸರಿಯುವುದು, ಆಮೇಲೆ ಹಿಂದಿನ ಮಾತುಗಳನ್ನೆಲ್ಲ ಒಂದೊಂದಾಗಿ ಎತ್ತಿ ನೋಡುವುದು: ಹಾಗಾದರೆ ಆ ಉಯ್ಯಾಲೆ? ಆ ಸೋರುವ ಚಾವಣಿ?

"ತೀರಾ ಸ್ವಂತದ್ದು ಅನ್ನಿಸ್ತಿದೆ," ಅಂದ.

"ಸ್ವಂತದ್ದು ಅಂತಲೇ ಎಲ್ಲರಿಗೂ ತಟ್ಟುತ್ತೆ." ಅವಳು ಅವನ ಕೈಯ ಮೇಲೆ ಕೈಯಿಟ್ಟಳು. ಆ ಹೊತ್ತಿಗೆ ರೆಕಾರ್ಡಿಂಗಿನವನು ಬಾಗಿಲಲ್ಲಿ ತುಂಬಿಕೊಂಡು ನಿಂತ. ಹೆಡ್‌ಫೋನು ಒತ್ತಿದ ಗೆರೆ ಅವನ ಕೂದಲಿನಲ್ಲಿ ಹಾಗೇ ಇತ್ತು. "ಸಾರ್, ನಿಮಗೆ ಹೇಳ್ಬೇಕು ಅಂತ ಎಷ್ಟು ಸಲ ಅಂದ್ಕೊಂಡಿದೀನಿ. ನಾನೂ ನಮ್ಮಮ್ಮನೂ ಮಾತು ಬಿಟ್ಟು ವರ್ಷಗಳಾಗಿದ್ವು. ಅವತ್ತು ಜಾಗ ಬಿಡ್ತಾ ಇದೀನಿ ಅಂದ್ರಲ್ಲ ನಿಮ್ಮಮ್ಮ... ಆ ಭಾನುವಾರವೇ ಹೋದೆ. ಈಗ ವಾರವಾರ ಹೋಗ್ತೀನಿ. ಏನೂ ಮಾತಾಡಲ್ಲ, ಸುಮ್ನೆ ಕೂತು ಬರ್ತೀನಿ." ಇಷ್ಟು ಹೇಳಿ, ತನಗೇ ನಾಚಿಕೆಯಾದಂತೆ ಹೊರಟುಹೋದ. ನಿರ್ಮಾಪಕಿಯ ಕೈಯ ಕೆಳಗಿನಿಂದ ಅವನು ತನ್ನ ಕೈ ಎಳೆದುಕೊಂಡ. ತನ್ನ ಸುಳ್ಳು ಬೇರೆಯವರ ಮನೆಯಲ್ಲಿ ನಿಜವಾಗಿ ಕೂತು ಉಣ್ಣುತ್ತಿತ್ತು, ತನ್ನ ಮನೆಯಲ್ಲಿ ಮಾತ್ರ ಅದಕ್ಕೆ ಜಾಗವಿರಲಿಲ್ಲ. ಎದ್ದು, ಬರುತ್ತೇನೆಂದು ಹೇಳಿ, ಮೆಟ್ಟಿಲಿಳಿದ.

ಸಂಜೆ ಮನೆಯಲ್ಲಿ ಅವನು ರೇಡಿಯೋವನ್ನು ಊಟದ ಮೇಜಿನ ಮೇಲೆ ಮಗುಚಿ ಹಾಕಿದ. ಜೇಬಿನಲ್ಲಿ ಕನ್ನಡಕದ ಸಣ್ಣ ಸ್ಕ್ರೂಡ್ರೈವರು ಯಾವಾಗಲೂ ಇರುತ್ತದೆ. ಪ್ಲಗ್ಗಿನ ತಿರುಪು ಬಿಚ್ಚಿ ಒಂದು ವೈರನ್ನು ಹೊರಗೆಳೆದು, ಒಳಗಿನದು ಕಾಣದಂತೆ ಮತ್ತೆ ಮುಚ್ಚುತ್ತಿದ್ದಾಗ ಅಮ್ಮ ಬಂದು ಎದುರು ಕೂತಳು.

"ಏನೋ ಮಾಡ್ತಿದೀಯ?"

"ಧೂಳು ಕೂತಿತ್ತು."

"ಒಳ್ಳೇದು. ಬೆಳಿಗ್ಗೆ ಕರ್ ಅಂತಿತ್ತು." ಅಮ್ಮ ತನ್ನ ಕನ್ನಡಕ ತೆಗೆದು ಮುಂದಿಟ್ಟಳು. "ಹಾಗೇ ಇದನ್ನೂ ಬಿಗಿ ಮಾಡಿಕೊಡು. ಬಗ್ಗಿದ್ರೆ ಬಟಾಣಿ ಬಟ್ಟಲಿಗೇ ಬೀಳುತ್ತೆ."

ಅದೇ ಸ್ಕ್ರೂಡ್ರೈವರಿನಿಂದ ಅವನು ಅಮ್ಮನ ಕನ್ನಡಕದ ಕಾಲು ಬಿಗಿಮಾಡಿದ. ಗಾಜು ಎಷ್ಟು ಹಳೆಯದೆಂದರೆ ನಡುವೆ ಹಾಲಿನ ಪೊರೆಯಂತೆ ಮಬ್ಬಾಗಿತ್ತು. ಊರಿನವರ ಕಣ್ಣೆಲ್ಲ ನೋಡುವವನು ಅಮ್ಮನನ್ನು ಒಂದು ದಿನವೂ ಅಂಗಡಿಯ ಆ ಕುರ್ಚಿಯಲ್ಲಿ ಕೂರಿಸಿರಲಿಲ್ಲ. ಕೊಟ್ಟಾಗ ಅವಳು ಹಾಕಿಕೊಂಡು, ತಲೆಯನ್ನು ಅತ್ತಿತ್ತ ಅಲ್ಲಾಡಿಸಿ, ಬೀಳಲಿಲ್ಲವೆಂದು ಹಿಗ್ಗಿದಳು. ಕೆಮ್ಮು ಬಂತು. ಅಭ್ಯಾಸಬಲದಿಂದ ಸೆರಗು ಬಾಯಿಗೆ ಹೋಯಿತು, ಕಣ್ಣು ಅವನ ಕೈಯ ಕಡೆ ಹೋಯಿತು. ಮನೆಯಲ್ಲಿ ಅವನು ಮಾತು ಹೇಳಿ ಅಭ್ಯಾಸ ಮಾಡುವಾಗ ಅಂಗೈ ಎತ್ತುತ್ತಾನೆ, ಎತ್ತಿದರೆ ಮನೆ ಮೂರು ನಿಮಿಷ ಸದ್ದಡಗಬೇಕು. ಹಿಂದೆ ಒಮ್ಮೆ, ಎರಡನೆಯ ಸಲವೂ ನಡುವೆ ಕೆಮ್ಮಿದಾಗ ಅವನು ಕಿರುಚಿದ್ದ, "ಮೂರು ನಿಮಿಷ ತಡ್ಕೊಳಕ್ಕಾಗಲ್ವಾ ನಿಂಗೆ?" ಅವತ್ತು ಅವನು ಅಭ್ಯಾಸ ಮಾಡುತ್ತಿದ್ದದ್ದು ತಾಳ್ಮೆಯ ಬಗೆಗಿನ ಮಾತು. ಅಂದಿನಿಂದ ಅಮ್ಮ ತಡೆದುಕೊಳ್ಳುವುದನ್ನು ಕಲಿತಳು. ತಡೆದಾಗ ಅವಳ ಗಂಟಲಿನಲ್ಲಿ ಸಣ್ಣದೊಂದು ಗುಟುಕಿನ ಸದ್ದಾಗುತ್ತದೆ, ನೀರಿಲ್ಲದೆ ಗುಳಿಗೆ ನುಂಗಿದವರಂತೆ.

ಬೆಳಿಗ್ಗೆ ಅಮ್ಮ ಮೇಜಿನ ಮೇಲೇ ಇದ್ದ ರೇಡಿಯೋದ ಗುಂಡಿ ತಿರುಗಿಸಿದಳು. ಮತ್ತೊಮ್ಮೆ ತಿರುಗಿಸಿದಳು. "ಧೂಳಿನ ಜೊತೆ ದನೀನೂ ಒರೆಸಿಹಾಕಿದ್ರಾ?" ಎಂದು ಹೆಂಡತಿ ಕೇಳಿದಳು. "ರಿಪೇರಿಗೆ ಕೊಡ್ತೀನಿ," ಅಂದ. ಅಮ್ಮ ಬೇಜಾರಿನಿಂದ ಸ್ಟೂಲಿನ ಮೇಲೆ ಕೂತು ಬಟಾಣಿ ಎತ್ತಿಕೊಂಡಳು. ಅವನಿಗೆ ನಂಬಿಕೆಯೇ ಆಗಲಿಲ್ಲ, ಇಷ್ಟು ಸುಲಭವೇ, ಒಂದು ವೈರು. ಆಗ ಪಕ್ಕದ ಮನೆಯ ಗೋಡೆಯಾಚೆಯಿಂದ ಸುದ್ದಿ ಮುಗಿದ ಸಂಗೀತ ಬಂತು. ಬೆನ್ನಿಗೇ ಅವನ ದನಿ, ಇಟ್ಟಿಗೆಯೊಳಗಿಂದ ಬರುವಂತೆ ದಪ್ಪಗೆ, ಆದರೆ ಅಕ್ಷರ ಅಕ್ಷರವೂ ಬಿಡಿಯಾಗಿ: "ಅಮ್ಮ ಹೋದ ದಿನ ಮರದಲ್ಲಿ ಕೊನೆಯ ಎಲೆಗಳಿದ್ದವು." ಭಾನುವಾರವಾದ್ದರಿಂದ ಬೀದಿಯ ಕಿಟಕಿಗಳಿಂದೆಲ್ಲ ಅದೇ ದನಿ ಬರುತ್ತಿತ್ತು. ಇಷ್ಟು ವರ್ಷ ಈ ಬೀದಿ ತನ್ನ ಮಾತನ್ನು ಹೀಗೆ ಕೇಳುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ.

ಹೆಂಡತಿಯ ಕೈಯ ಸೌಟು ಪಾತ್ರೆಯೊಳಗೇ ನಿಂತಿತು. ಅಮ್ಮ ಮಾತ್ರ ಎಂದಿನಂತೆ ತಲೆ ವಾಲಿಸಿ, ಕಾಳನ್ನು ಸದ್ದಾಗದಂತೆ ಒಂದೊಂದಾಗಿ ಇಡತೊಡಗಿದಳು. ಮೊದಲು ಯಾವುದೋ ತಾಯಿಯ ಕತೆಯೆಂದು ಕೇಳಿದಳು. ಅವಳ ತುಟಿ ಅಯ್ಯೋ ಪಾಪ ಎಂಬಂತೆ ಮುಂದೆ ಬಂದಿತ್ತು. ಆಮೇಲೆ ಒಳಕೋಣೆಯ ಕಿಟಕಿ ಬಂತು. ಎರಡು ಸ್ವೆಟರು ಬಂತು. ಗಿಡ್ಡ ಸ್ಟೂಲು ಬಂತು, "ಈಗ ಖಾಲಿಯಾಗಿ ಅಡುಗೆಮನೆಯಲ್ಲಿ ಕೂತಿರುವ ಆ ಸ್ಟೂಲು" ಎಂದು. ಅಮ್ಮ ತಾನು ಕೂತ ಸ್ಟೂಲಿನ ಅಂಚನ್ನು ಒಂದು ಕೈಯಲ್ಲಿ ಮುಟ್ಟಿ ನೋಡಿದಳು. ಗೋಡೆಯಾಚೆ ಅವನ ದನಿ ಒಡೆಯಿತು, ಸರಿಯಾದ ಜಾಗದಲ್ಲಿ.

ಮುಗಿಯಿತು. ಹೆಂಡತಿ ಒಲೆ ಆರಿಸಿದಳು. ಯಾವುದಕ್ಕೂ ಒಂದು ಮಾತು ಸೇರಿಸದೆ ಬಿಡದವಳು, ಏನೂ ಹೇಳದೆ, ಅವನ ಮುಖ ನೋಡದೆ, ಚೀಲ ತೆಗೆದುಕೊಂಡು ಪೇಟೆಗೆಂದು ಹೊರಟುಹೋದಳು. ಬಾಗಿಲನ್ನು ಬಡಿಯಲೂ ಇಲ್ಲ. ಅವನು ಅಮ್ಮನ ಮುಂದೆ ನೆಲದ ಮೇಲೆ ಕೂತ.

"ಅಮ್ಮಾ."

"ಚೆನ್ನಾಗಿತ್ತು," ಅಂದಳು ಅಮ್ಮ. ಎದ್ದು ಆರಿಸಲು ರೇಡಿಯೋ ನುಡಿದೇ ಇರಲಿಲ್ಲವಾದ್ದರಿಂದ ಅವಳ ಕೈಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. "ಜಾಗ ಬಿಡ್ತಾ ಇದೀನಿ... ನಾನು ಹಾಗಂದ್ನಾ?"

"ಇಲ್ಲಮ್ಮ."

"ಅದಕ್ಕೇ. ಅಷ್ಟು ಚೆನ್ನಾಗಿ ಹೇಳಕ್ಕೆ ನಂಗೆಲ್ಲಿ ಬರುತ್ತೆ." ಅವಳು ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡಳು. "ಹೆದರಿಕೆ ಆಗ್ತಿದೆ ಅಂದಿದ್ದೆ ಅಲ್ವಾ? ನೆನಪಿದೆ ನಂಗೆ. ಅದನ್ನ ಹೇಳಲಿಲ್ಲವಲ್ಲ, ಒಳ್ಳೇದಾಯ್ತು ಬಿಡು. ಕೇಳಿದವರು ಏನಂದ್ಕೋತಿದ್ರು."

ಬೈಯಲಿ ಎಂದು ಅವನು ಕಾದ. ಅವಳ ಮುಖದಲ್ಲಿ ಕೋಪವಿರಲಿಲ್ಲ, ದುಃಖವೂ ಇರಲಿಲ್ಲ. ಕರೆಯದ ಮನೆಗೆ ಊಟದ ಹೊತ್ತಿಗೆ ಬಂದುಬಿಟ್ಟವರ ಮುಜುಗರ ಇತ್ತು. "ನಿಂಗೆ ತೊಂದರೆ ಆಯ್ತು," ಎಂದಳು. "ಯಾರಾದ್ರೂ ಕೇಳಿದ್ರೆ ಏನು ಹೇಳ್ತೀಯ ಈಗ?" ಅವನು ಅವಳ ಪಾದ ಹಿಡಿದ. ಉಣ್ಣೆಯ ಕಾಲುಚೀಲದೊಳಗೂ ಪಾದ ತಣ್ಣಗಿತ್ತು. ಉಜ್ಜಬೇಕು, ಈಗಲಾದರೂ ಉಜ್ಜಬೇಕು ಅಂದುಕೊಂಡ. ಅಂದುಕೊಳ್ಳುತ್ತಿದ್ದಂತೆಯೇ ತಲೆಯೊಳಗೆ, ಯಾರೂ ಕರೆಯದೆ, ಒಂದು ವಾಕ್ಯ ಎದ್ದು ನಿಂತಿತು: ತಣ್ಣಗಾದ ಪಾದಗಳನ್ನು ಉಜ್ಜಲು ನಾವು ಎಷ್ಟು ತಡಮಾಡುತ್ತೇವೆ. ಅವನ ಕೈ ಹೇಸಿಕೊಂಡು ಹಿಂದೆ ಬಂತು.

ಅಮ್ಮ ಮತ್ತೆ ಬಟಾಣಿ ಸುಲಿಯತೊಡಗಿದಳು, ಅವನು ಅಲ್ಲೇ ನೆಲದ ಮೇಲೆ ಕೂತೇ ಇದ್ದ. ತಾಸೊಂದು ಕಳೆದ ಮೇಲೆ ಬಾಗಿಲಿನ ಗಂಟೆ ಸದ್ದುಮಾಡಿತು. ಮಗಳು ಹಜಾರದ ಕಿಟಕಿಯಿಂದ ಬಗ್ಗಿ ನೋಡಿ ಬಂದು, "ರೇಡಿಯೋದವರು. ಇಬ್ರು. ಹೂವಿನ ಗೊಂಚಲು ತಂದಿದಾರೆ," ಎಂದು ಅಪ್ಪನನ್ನೂ ಅಜ್ಜಿಯನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದಳು. ಅವನು ಏಳಲಿಲ್ಲ. ಎದ್ದದ್ದು ಅಮ್ಮ. ಮೊಣಕಾಲಿನ ಮೇಲೆ ಕೈಯೂರಿ ಎದ್ದು, ಮಡಿಲ ಸಿಪ್ಪೆಯನ್ನು ಬುಟ್ಟಿಗೆ ಕೊಡವಿ, ಸ್ಟೂಲನ್ನು ಕಾಲಿನಿಂದ ಗೋಡೆಯ ಬದಿಗೆ ತಳ್ಳಿದಳು. ತನ್ನ ಲೋಟವನ್ನೂ ಊರುಗೋಲನ್ನೂ ಮರೆಯದೆ ತೆಗೆದುಕೊಂಡಳು. "ಬಂದೋರನ್ನ ನಿಲ್ಲಿಸಬಾರದು, ಹೋಗು," ಎಂದು ಅವನಿಗೆ ಹೇಳಿ, ಮೊಮ್ಮಗಳಿಗೆ "ನೀರು ಕೊಡು ಪುಟ್ಟಿ. ನನ್ನ ವಿಷಯ ಎತ್ತಬೇಡ," ಎಂದು ಮೆಲ್ಲನೆ ಹೇಳಿ, ಒಳಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡಳು. ಚಿಲಕ ಸದ್ದಾಗದಂತೆ ಎರಡು ಕೈಯಲ್ಲಿ ಹಿಡಿದು ಹಾಕಿದ್ದು ಅವನಿಗೆ ಗೊತ್ತಾಯಿತು. ಅಮ್ಮಾ ಬೇಡ, ಇಲ್ಲೇ ಇರು, ಬಂದವರ ಮುಂದೆ ಕೂತುಕೋ ಎಂದು ಹೇಳಲು ಇದ್ದ ಹೊತ್ತು ಅಷ್ಟೇ, ಅವಳು ಹಜಾರ ದಾಟುವಷ್ಟು. ಅಮ್ಮ ಬೇಕೆಂದೇ ನಿಧಾನ ನಡೆದಳೇನೋ. ಅವನು ಬಾಯಿ ತೆರೆಯಲಿಲ್ಲ.

ನಿರ್ಮಾಪಕಿ ಕಪ್ಪು ಕೋಟು ಹಾಕಿದ್ದಳು. ಮಾತು ಮುಗಿದಾಗಿನಿಂದ ಫೋನು ಕೆಳಗಿಡಲು ಬಿಟ್ಟಿಲ್ಲ, ಜನ ಅಳುತ್ತ ಮಾತಾಡುತ್ತಿದ್ದಾರೆ ಎಂದಳು. ಇದನ್ನು ಫೋನಿನಲ್ಲಿ ಹೇಳಿ ಮುಗಿಸಲು ಮನಸ್ಸಾಗಲಿಲ್ಲ ಎಂದಳು. ಬಿಳಿ ಹೂವುಗಳನ್ನು ಎಲ್ಲಿಡಬೇಕೆಂದು ಅತ್ತಿತ್ತ ನೋಡಿ, ಅಮ್ಮನ ಫೋಟೋ ಎಲ್ಲೂ ಕಾಣದೆ, ಮೇಜಿನ ಮೇಲೆ, ಬಾಯಿಮುಚ್ಚಿದ ರೇಡಿಯೋದ ಪಕ್ಕ ಇಟ್ಟಳು. ರೆಕಾರ್ಡಿಂಗಿನವನು ಕುರ್ಚಿಯ ತುದಿಯಲ್ಲಿ ಕೂತು ಅಡುಗೆಮನೆಯ ಕಡೆಗೇ ನೋಡುತ್ತಿದ್ದ. "ಅದೇ ಅಲ್ವಾ ಸಾರ್ ಆ ಸ್ಟೂಲು," ಎಂದ, ದನಿ ತಗ್ಗಿಸಿ. ಅವನು ಹೌದೆಂದ. ಮಗಳು ಎರಡು ಲೋಟ ನೀರು ತಂದು ನಿಂತಳು.

"ಸಾರ್, ತಪ್ಪು ತಿಳ್ಕೋಬೇಡಿ," ರೆಕಾರ್ಡಿಂಗಿನವನು ತನ್ನ ದೊಡ್ಡ ಕೈಗಳನ್ನು ಮೊಣಕಾಲ ನಡುವೆ ಒತ್ತಿಕೊಂಡ. "ಆ ಕಿಟಕಿ ಒಂದ್ಸಲ ನೋಡ್ಬೋದಾ?"

ಅವನಿಗೆ ಮಾತ್ರ ಕೇಳಿಸಿತು, ಬಾಗಿಲಾಚೆ ಗಂಟಲಿನ ಆ ಗುಟುಕು. ಒಮ್ಮೆ. ಸ್ವಲ್ಪ ಬಿಟ್ಟು ಮತ್ತೊಮ್ಮೆ. ಇಲ್ಲಿಂದ ನಾಲ್ಕು ಹೆಜ್ಜೆ ಹೋಗಿ ಆ ಬಾಗಿಲು ತೆರೆದರೆ ಮುಗಿಯಿತು. ಬನ್ನಿ, ನಮ್ಮಮ್ಮ ಇಲ್ಲಿದ್ದಾಳೆ ಎಂದರೆ ಮುಗಿಯಿತು. ಅವರು ನಗಲಿ, ಉಗಿಯಲಿ, ಎದ್ದು ಹೋಗಲಿ, ಇನ್ನು ಯಾವ ಬೆಳಿಗ್ಗೆಯೂ ತನ್ನ ದನಿ ಬರದಿರಲಿ. ಅವನು ಏಳಲು ಕುರ್ಚಿಯ ಕೈ ಹಿಡಿದ. ಹಿಡಿದದ್ದು ನಿಜ. ಅಷ್ಟರಲ್ಲಿ ಒಳಗೆ ಅಮ್ಮನ ತಡೆ ಒಡೆಯಿತು. ಒಂದು ಕೆಮ್ಮು, ಬೆನ್ನಿಗೇ ಇನ್ನೊಂದು, ಸೆರಗಿಗೂ ದಿಂಬಿಗೂ ಸಿಕ್ಕದ, ಎದೆಯ ತಳದಿಂದ ಬಂದ, ಬದುಕಿರುವವರ ಕೆಮ್ಮು.

ನಿರ್ಮಾಪಕಿ ತಲೆಯೆತ್ತಿದಳು. "ಒಳಗೆ ಯಾರು?"

ಮಗಳು ಅಪ್ಪನನ್ನು ನೋಡಿದಳು, ಅವತ್ತು ಉಯ್ಯಾಲೆಯ ಕೆಳಗಿನಿಂದ ನೋಡಿದ ಹಾಗೆ. ಅವನ ಬಲಗೈಯ ಅಂಗೈ ಕುರ್ಚಿ ಬಿಟ್ಟು ತಾನಾಗಿ ಮೇಲೆದ್ದಿತ್ತು.

"ಪಕ್ಕದ ಮನೆಯವರು," ಅಂದ. "ಇಲ್ಲಿ ಗೋಡೆ ತೆಳು."

ಒಳಗೆ ಕೆಮ್ಮು ಅಲ್ಲಿಗೇ ನಿಂತಿತು.